ರಾತ್ರಿಯ ತಂಪು, ಹಗಲಿನ ಪೇಟೆ



ಹೋದ ಬೇಸಿಗೆಯಲ್ಲಿ ನಾನೊಂದು ಮಾಲಿನ ಮೂರನೇ ಮಹಡಿಯಲ್ಲಿದ್ದಾಗ ಎ.ಸಿ. ಕೆಟ್ಟು ನಿಂತಿತು. ದೀಪಗಳು ಉರಿಯುತ್ತಲೇ ಇದ್ದವು. ಆದರೆ ಸ್ವಲ್ಪ ಹೊತ್ತಿನಲ್ಲೇ ಗಾಜಿನ ಮಾಡಿನ ಕೆಳಗೆ ಕಾವು ಕವಿಯಿತು. ತೆರೆಯೋಣವೆಂದರೆ ಒಂದು ಕಿಟಕಿಯೂ ಇಲ್ಲ. ಎಳೆಗೂಸನ್ನೆತ್ತಿಕೊಂಡ ತಾಯಿಯೊಬ್ಬಳು ಸೆರಗಿನಿಂದ ಗಾಳಿ ಬೀಸುತ್ತ ಮೆಟ್ಟಿಲು ಹುಡುಕುತ್ತಿದ್ದಳು. ಅಂಗಡಿಬೀದಿಗೆ ಕಿಟಕಿಯೇ ಇಲ್ಲದಂತಾದದ್ದು ಯಾವಾಗ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಳೆಯ ಪೇಟೆಗಳು ಹಾಗಿರಲಿಲ್ಲ. ಇರಾನಿನ ಇಸ್ಫಹಾನ್, ಕಾಶಾನ್ ಬಜಾರುಗಳಲ್ಲಿ ದಪ್ಪ ಇಟ್ಟಿಗೆಯ ಗೋಡೆ, ತಲೆಯ ಮೇಲೆ ಸಾಲುಗುಮ್ಮಟ, ಗುಮ್ಮಟದ ನೆತ್ತಿಯಲ್ಲೊಂದು ಬೆಳಕಿಂಡಿ. ಬಿಸಿಗಾಳಿ ಮೇಲೇರಿ ಆ ಕಿಂಡಿಯಿಂದ ಹೊರಬೀಳುತ್ತದೆ. ಹೊರಗೆ ಮರುಭೂಮಿಯ ಬಿಸಿಲು ಎಷ್ಟೇ ಸುರಿಯಲಿ, ಒಳಗೆ ನೆಲಕ್ಕೆ ಬೀಳುವುದು ರೊಟ್ಟಿಯಗಲದ ಬಿಸಿಲು ಮಾತ್ರ.

ದಾರಿ ಬದಲಾದದ್ದು ಅಮೆರಿಕದಲ್ಲಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ಹವಾನಿಯಂತ್ರಣದ ಏರ್ಪಾಟು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದ ತೇವ ಹೀರದಿರಲೆಂದು. 1956ರಲ್ಲಿ ಮಿನೆಸೋಟದ ಈಡೈನಾದಲ್ಲಿ ವಿಕ್ಟರ್ ಗ್ರೂಯೆನ್ ಕಟ್ಟಿದ ಸೌತ್‌ಡೇಲ್ ತೆರೆಯಿತು. ಪೂರ್ತಿ ಮುಚ್ಚಿದ ಮಾಲು. ಹೊರಗೆ ಹಿಮವಿರಲಿ ಸೆಕೆಯಿರಲಿ, ಒಳಗೆ ಸುಮಾರು 24 ಡಿಗ್ರಿ. ಚಳಿನಾಡಿಗೆ ಹೊಂದಿದ ಆ ಪೆಟ್ಟಿಗೆಯನ್ನು ಬಿಸಿಲುನಾಡುಗಳೂ ಹಾಗೆಯೇ ಎತ್ತಿ ತಂದವು. ನನ್ನ ಮಟ್ಟಿಗೆ ತಪ್ಪಾದದ್ದು ಅಲ್ಲಿಯೇ.

ಆ ಪೆಟ್ಟಿಗೆ ಬೇಡವೆಂದ ಕಟ್ಟಡವೊಂದು 1996ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ತೆರೆಯಿತು. ಹೆಸರು ಈಸ್ಟ್‌ಗೇಟ್. ವಾಸ್ತುಶಿಲ್ಪಿ ಮಿಕ್ ಪಿಯರ್ಸ್, ಎಂಜಿನಿಯರುಗಳು ಅರೂಪ್ ಸಂಸ್ಥೆಯವರು. ಒಂಬತ್ತು ಅಂತಸ್ತಿನ ಎರಡು ಕಟ್ಟಡ ಅಕ್ಕಪಕ್ಕ, ನಡುವೆ ಗಾಜಿನ ಮಾಡಿದ್ದರೂ ಗಾಳಿಯಾಡುವ ಓಣಿ. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು. ಹೊರದೇಶದಿಂದ ತರಿಸಬೇಕಾದ ದುಬಾರಿ ಎ.ಸಿ. ಯಂತ್ರವಿಲ್ಲದೆ ಇದನ್ನು ತಂಪಾಗಿಡಬೇಕಿತ್ತು.

ಹಳ್ಳಿಯ ಕಲ್ಲುಜಗಲಿಯ ಮೇಲೆ ಬೆಳಗಿನ ಜಾವ ಬರಿಮೈಯಲ್ಲಿ ಒರಗಿದವರಿಗೆ ಈಸ್ಟ್‌ಗೇಟಿನ ಗುಟ್ಟು ಹೇಳಿಕೊಡಬೇಕಿಲ್ಲ. ಕಲ್ಲು ಇರುಳಿಡೀ ತಣ್ಣಗಾಗಿರುತ್ತದೆ, ಮಧ್ಯಾಹ್ನದವರೆಗೂ ಆ ತಂಪನ್ನು ಬಿಟ್ಟುಕೊಡುವುದಿಲ್ಲ. ಈಸ್ಟ್‌ಗೇಟಿನಲ್ಲಿ ಕಲ್ಲಿನ ಕೆಲಸ ಮಾಡುವುದು ಕಾಂಕ್ರೀಟು. ಕಚೇರಿಗಳ ನೆಲದಡಿ ಟೊಳ್ಳು ಬಿಟ್ಟಿದ್ದಾರೆ. ಅದರೊಳಗೆ ಹಲ್ಲಿನಂತೆ ಕಾಂಕ್ರೀಟಿನ ಉಬ್ಬುಗಳು, ಗಾಳಿ ತಾಕುವ ಮೈ ಹೆಚ್ಚಲೆಂದು. ರಾತ್ರಿ ಫ್ಯಾನುಗಳು ತಂಗಾಳಿಯನ್ನು ಅಲ್ಲಿ ಹಾಯಿಸಿ ಗಂಟೆಗೆ ಸುಮಾರು 10 ಸಲ ಕಟ್ಟಡದ ಗಾಳಿ ಬದಲಿಸುತ್ತವೆ. ಹಗಲು 2 ಸಲ ಮಾತ್ರ. ಹಗಲಿನ ಗಾಳಿ ಅದೇ ತಣ್ಣನೆಯ ಕಾಂಕ್ರೀಟಿಗೆ ತಾಕಿ ಕೋಣೆಗೆ ಬರುತ್ತದೆ. ಜನರಿಂದ, ದೀಪದಿಂದ ಬಿಸಿಯೇರಿ ಮಾಡಿನ ಮೇಲಿನ 48 ಇಟ್ಟಿಗೆಯ ಚಿಮಣಿಗಳಿಂದ ಹೊರಹೋಗುತ್ತದೆ. ಗೋಡೆಗೆ ನೇರ ಬಿಸಿಲು ಬೀಳದಂತೆ ಹೊರಚಾಚಿದ ಅಂಚುಗಳಿವೆ. ಹೊರಮೈಯಲ್ಲಿ ಗಾಜು ಕಾಲುಭಾಗ ಮೀರುವುದಿಲ್ಲ. ಎ.ಸಿ. ಇರುವ ಹರಾರೆಯ ಇತರ ಕಟ್ಟಡಗಳೊಂದಿಗೆ ಹೋಲಿಸಿದಾಗ ಇದಕ್ಕೆ ತಗಲುವ ಶಕ್ತಿ ಸುಮಾರು ಶೇ. 35ರಷ್ಟು ಕಡಿಮೆ ಎಂಬ ಲೆಕ್ಕ ಸಿಕ್ಕಿತು.

ಪಿಯರ್ಸ್‌ಗೆ ಈ ಉಪಾಯ ಹೊಳೆದದ್ದು ಗೆದ್ದಲಿನ ಹುತ್ತದಿಂದ. ಹುತ್ತಕ್ಕೆ ಹಾಲೆರೆಯುವ ನಮಗೆ ಇದು ಕೇಳಲು ಎಷ್ಟು ಹಿತ! ಹುತ್ತವೂ ಚಿಮಣಿಯ ಹಾಗೆ ಬಿಸಿಗಾಳಿ ಮೇಲೆಳೆದು ಒಳಗಿನ ಶಾಖವನ್ನು ಕಾಯುತ್ತದೆ ಎಂದು ಆಗ ನಂಬಿದ್ದರು. ಆಮೇಲೆ ಸಂಶೋಧಕರಾದ ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಅವರ ಅಧ್ಯಯನ ಹೇಳಿದ್ದೇ ಬೇರೆ: ಹುತ್ತ ಹೊರಗಾಳಿಯ ಏರಿಳಿತದಿಂದ ಶ್ವಾಸಕೋಶದಂತೆ ಉಸಿರು ಬದಲಿಸುತ್ತದೆ, ಗೂಡಿನ ಶಾಖಕ್ಕೆ ಆಧಾರ ಸುತ್ತಲ ಮಣ್ಣು. ಹುತ್ತವನ್ನು ತಪ್ಪಾಗಿ ಓದಿಕೊಂಡು ಸರಿಯಾದ ಕಟ್ಟಡ ಕಟ್ಟಿದರು. ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದದ್ದು ಇದೇ.

ಎಲ್ಲ ಊರಿಗೂ ಈಸ್ಟ್‌ಗೇಟಿನ ಉಪಾಯ ಒಗ್ಗದು. ಹರಾರೆ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಗಲು ಕಾದರೂ ರಾತ್ರಿ ಚೆನ್ನಾಗಿ ತಣಿಯುತ್ತದೆ. ಮಂಗಳೂರಿನ ಬೇಸಿಗೆಯ ರಾತ್ರಿಯೂ ಬೆವರಿಳಿಸುತ್ತದೆ, ಗಾಳಿಯಲ್ಲಿ ತೇವ. ಅಲ್ಲಿಗೆ ನೆರಳು, ಬೀಸುಗಾಳಿಯ ಬೇರೆ ದಾರಿಯೇ ಬೇಕು. ಬೆಂಗಳೂರಿನ ಮಾತು ಹಾಗಲ್ಲ. 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಮಾರ್ಚ್ ತಿಂಗಳ ನಡುಹಗಲು ಎಷ್ಟೇ ಸುಟ್ಟರೂ ಬೆಳಗಿನ ನಾಲ್ಕಕ್ಕೆ ಬೀಸುವ ಗಾಳಿಗೆ ಹೊದಿಕೆ ಎಳೆದುಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ನಮ್ಮ ಮಾಲುಗಳ ಬಾಗಿಲುಗಳೆಲ್ಲ ಮುಚ್ಚಿರುತ್ತವೆ.