ಮೇಲಿನ ಕುರ್ಚಿ, ಕೆಳಗಿನ ಪೆನ್ನು

(ಮೈಸೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಆಡಿದ ಮಾತು. ಗೆಳೆಯರು ಕೇಳಿದ್ದರಿಂದ ಬರೆದುಕೊಟ್ಟದ್ದು.)



ಇವತ್ತು ಕವಿತೆ ಓದ್ತಾರೆ ಅಂತ ಬಂದಿದ್ದರೆ ಕ್ಷಮಿಸಿ. ಇವತ್ತು ಪೊಲೀಸರ ಮಾತು. ಯಾಕೆ ಅಂದ್ರೆ, ಈ ಹಾಸ್ಟೆಲಿನಲ್ಲಿ ಕೋಣೆಗೊಬ್ಬರಾದರೂ ಪಿಎಸ್ಐ ಪರೀಕ್ಷೆಗೆ ಓದ್ತಾ ಇದ್ದೀರಿ. ಪಕ್ಕದ ಹಾಸಿಗೆಯವನು ನಿಮ್ಮನ್ನ ನೋಡಿ, "ಏನ್ಲಾ, ನಾಳೆ ನಮ್ಮ ಮೇಲೇ ಲಾಠಿ ಬೀಸ್ತೀಯಾ?" ಅಂತ ಗೇಲಿ ಮಾಡ್ತಾನೆ. ಎಲ್ಲರೂ ನಗ್ತೀರಿ. ಆದರೆ ಆ ಗೇಲಿಯೊಳಗೆ ಒಂದು ಪ್ರಶ್ನೆ ಇದೆ. ಆ ಖಾಕಿಯಿಂದ ನಮಗೇನಾಗಬೇಕು? ಅದರ ತುದಿಯಲ್ಲಿ ಕೂತವರಿಂದ ಆಗುತ್ತದೋ, ಬುಡದಲ್ಲಿ ಕೂತವರಿಂದ ಆಗುತ್ತದೋ?

ನಾವು ಪೊಲೀಸರನ್ನು ಮೊದಲು ಕಂಡದ್ದು ಠಾಣೆಯ ಜಗಲಿಯಲ್ಲಿ. ನಮ್ಮೂರಲ್ಲಿ ಒಂದು ಹಬ್ಬದ ದಿನ ಹೋಟೆಲಿನ ಲೋಟದ ವಿಷಯಕ್ಕೆ ಜಗಳವಾಗಿ ದೊಡ್ಡಪ್ಪನ ತಲೆ ಒಡೆಯಿತು. ರಕ್ತ ಒರೆಸಿಕೊಂಡೇ ಠಾಣೆಗೆ ಹೋದೆವು. ಯಾವ ಠಾಣೆ ಅಂತ ಕೇಳಬೇಡಿ, ಹೆಸರು ಬೇಡ. "ಸಾಹೇಬ್ರಿಲ್ಲ, ಕೂತ್ಕಳಿ" ಅಂದರು. ಕೂತೆವು. ಅವ್ವ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಒಣಗಿತು. ನಡುರಾತ್ರಿ ಒಬ್ಬರು ಬಂದು ಕಾಗದ ತೆಗೆದು, "ಕುಡಿದು ಬಿದ್ದ ಅಂತ ಬರೀಲಾ, ರಾಜಿ ಆಯ್ತು ಅಂತ ಬರೀಲಾ?" ಅಂತ ಕೇಳಿದರು. ಬರೆಯೋದಕ್ಕೆ ಮೂರನೆಯದು ಒಂದಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ. ಆ ಕಪ್ಪು ಶಾಯಿ ನಮ್ಮ ಕಣ್ಣಲ್ಲಿ ಇನ್ನೂ ಇದೆ.

ಈಗ ಒಬ್ಬ ದೊಡ್ಡ ಅಧಿಕಾರಿಯ ಕಥೆ ಕೇಳಿ. ಹೆಸರು ಪ್ರವೀಣ್ ಸೂದ್. ಹುಟ್ಟಿದ್ದು 1964ರಲ್ಲಿ, ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯವರು. ದಿಲ್ಲಿಯ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದರು. 1986ರಲ್ಲಿ ಐಪಿಎಸ್ ಸೇರಿದರು, ಕರ್ನಾಟಕಕ್ಕೆ ಬಂದರು. ಆಗ ವಯಸ್ಸು ಇಪ್ಪತ್ತೆರಡರ ಆಸುಪಾಸು. ಅಂದರೆ ಇಲ್ಲಿ ಎಂ.ಎ. ಓದ್ತಾ ಇರೋ ನಿಮ್ಮ ವಯಸ್ಸು. 1989ರಲ್ಲಿ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟ್ ಆಗಿ ಕೆಲಸ ಶುರು ಮಾಡಿದ್ದು ಎಲ್ಲಿ? ನಮ್ಮ ಮೈಸೂರಿನಲ್ಲಿ.

ಆಮೇಲೆ ಬಳ್ಳಾರಿ, ರಾಯಚೂರುಗಳಿಗೆ ಎಸ್‌ಪಿ ಆದರು. 1999ರಿಂದ ಮೂರು ವರ್ಷ ಮಾರಿಷಸ್ ಸರ್ಕಾರಕ್ಕೆ ಪೊಲೀಸ್ ಸಲಹೆಗಾರರು. ಬೆಂಗಳೂರಿನ ಐಐಎಂನಲ್ಲೂ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲೂ ಆಡಳಿತ ನೀತಿ ಓದಿದರು. 2004ರಿಂದ 2007ರವರೆಗೆ ಮತ್ತೆ ಮೈಸೂರು, ಈ ಸಲ ನಗರ ಪೊಲೀಸ್ ಕಮಿಷನರ್. 2006ರ ಅಕ್ಟೋಬರಿನಲ್ಲಿ ಇಲ್ಲಿ ಇಬ್ಬರು ಶಂಕಿತ ಉಗ್ರರನ್ನು ಹಿಡಿದದ್ದು ಅವರ ಕಾಲದಲ್ಲೇ. ಮುಂದೆ ಬೆಂಗಳೂರಿನ ಸಂಚಾರ ವಿಭಾಗ, 2017ರಲ್ಲಿ ಬೆಂಗಳೂರಿನ ಕಮಿಷನರ್ ಹುದ್ದೆ, 2020ರಲ್ಲಿ ರಾಜ್ಯದ ಪೊಲೀಸ್ ಮಹಾನಿರ್ದೇಶಕ ಹುದ್ದೆ. 2023ರ ಮೇ 25ರಂದು ದಿಲ್ಲಿಯಲ್ಲಿ ಸಿಬಿಐ ನಿರ್ದೇಶಕರ ಕುರ್ಚಿಯಲ್ಲಿ ಕೂತರು. ಎರಡು ವರ್ಷದ ಅವಧಿ ಮುಗಿದಾಗ, 2025ರಲ್ಲಿ, ಇನ್ನೊಂದು ವರ್ಷ ಸಿಕ್ಕಿತು.

ಮೈಸೂರಿನ ಠಾಣೆಗಳನ್ನು ನೋಡಿಕೊಳ್ಳುತ್ತಿದ್ದವರು ದಿಲ್ಲಿಯ ಆ ಕುರ್ಚಿಗೆ ಹೋಗೋದಕ್ಕೆ ಮೂವತ್ತನಾಲ್ಕು ವರ್ಷ. ದುಡಿದಿದ್ದಾರೆ, ಓದಿದ್ದಾರೆ, ಅದನ್ನ ಇಲ್ಲ ಅನ್ನೋಕಾಗಲ್ಲ. ಅವರನ್ನು ಹೊಗಳೋದಕ್ಕೂ ಬೈಯೋದಕ್ಕೂ ನಾವು ಇಲ್ಲಿ ನಿಂತಿಲ್ಲ. ಆ ಏಣಿಯನ್ನು ನೋಡಿ ಅಂತ ಹೇಳೋಕೆ ನಿಂತಿದ್ದೇವೆ.

ಏಣಿಗೆ ಹತ್ತೋದಕ್ಕೆ ನಾಲ್ಕು ಬಾಗಿಲು. ಒಂದು ಕಾನ್‌ಸ್ಟೇಬಲ್. ಎರಡು ಪಿಎಸ್ಐ. ಮೂರು, ಕೆಪಿಎಸ್‌ಸಿ ಮೂಲಕ ಡಿವೈಎಸ್‌ಪಿ. ನಾಲ್ಕು, ಯುಪಿಎಸ್‌ಸಿ ಮೂಲಕ ಐಪಿಎಸ್. ಯಾವ ಬಾಗಿಲಲ್ಲಿ ಹೊಕ್ಕೆ ಅನ್ನೋದರ ಮೇಲೆ ಎಲ್ಲಿ ಇಳೀತೀಯ ಅನ್ನೋದು ಹೆಚ್ಚೂಕಮ್ಮಿ ನಿಂತಿರುತ್ತದೆ. ನಾಲ್ಕನೇ ಬಾಗಿಲಲ್ಲಿ ಬಂದವರು ಇಪ್ಪತ್ತೈದು ವರ್ಷಕ್ಕೇ ಒಂದು ಉಪವಿಭಾಗ ಆಳುತ್ತಾರೆ. ಮೊದಲನೇ ಬಾಗಿಲಲ್ಲಿ ಬಂದ ನಮ್ಮ ಚಿಕ್ಕಪ್ಪ ಮಾವಂದಿರು ಮೂವತ್ತು ವರ್ಷ ಬಂದೋಬಸ್ತು ನಿಂತು, ದಸರಾದ ಜಂಬೂಸವಾರಿಗೆ ಹಗ್ಗ ಹಿಡಿದು, ಏಎಸ್ಐ ಆಗಿ ಮನೆಗೆ ಬಂದರೆ ಅದೇ ದೊಡ್ಡದು. ಬುದ್ಧಿ ಕಡಿಮೆ ಅಂತಲ್ಲ ಇದು. ಮೇಲಿನ ಬಾಗಿಲು ಎಲ್ಲಿದೆ ಅಂತ ಹೇಳೋರು ಕೇರಿಗೆ ಬರಲಿಲ್ಲ.

ಇನ್ನು ಆ ಮೇಲಿನ ಕುರ್ಚಿ. ಬಹಳ ಜನ ಅದನ್ನ ಇಡೀ ದೇಶದ ಪೊಲೀಸರ ಯಜಮಾನಿಕೆ ಅಂದುಕೊಂಡಿದ್ದಾರೆ. ಅಲ್ಲ. ಸಂವಿಧಾನದಲ್ಲಿ ಪೊಲೀಸು ರಾಜ್ಯಗಳ ವಿಷಯ. ಸಿಬಿಐ ಹುಟ್ಟಿದ್ದು 1963ರಲ್ಲಿ. ಅದು ನಡೆಯೋದು 1946ರ ದಿಲ್ಲಿ ವಿಶೇಷ ಪೊಲೀಸ್ ಕಾಯ್ದೆಯಿಂದ. ಒಂದು ರಾಜ್ಯದೊಳಗೆ ತನಿಖೆ ಮಾಡಬೇಕಾದರೆ ಆ ರಾಜ್ಯದ ಒಪ್ಪಿಗೆ ಬೇಕು, ಇಲ್ಲವೇ ಹೈಕೋರ್ಟು, ಸುಪ್ರೀಂ ಕೋರ್ಟು ಹೇಳಬೇಕು. ಕರ್ನಾಟಕ ತನ್ನ ಸಾಮಾನ್ಯ ಒಪ್ಪಿಗೆಯನ್ನು 2024ರ ಸೆಪ್ಟೆಂಬರಿನಲ್ಲಿ ವಾಪಸ್ ತೆಗೆದುಕೊಂಡಿತು. ನಿರ್ದೇಶಕರನ್ನು ಆರಿಸೋದು ಮೂರು ಜನ: ಪ್ರಧಾನಮಂತ್ರಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಹೆಸರಿಸಿದ ನ್ಯಾಯಮೂರ್ತಿ.

ಆದರೂ ನಮ್ಮ ಜನರ ಮೇಲೆ ದೊಡ್ಡ ಅನ್ಯಾಯ ಆದಾಗೆಲ್ಲ ನಮ್ಮ ಬಾಯಲ್ಲಿ ಬರೋದು ಒಂದೇ ಘೋಷಣೆ: "ಸಿಬಿಐಗೆ ಕೊಡಿ!" ನಾವೂ ಕೂಗಿದ್ದೇವೆ. ಕೊಟ್ಟಾಗ ಏನಾಯಿತು?

ಮಹಾರಾಷ್ಟ್ರದ ಖೈರ್ಲಾಂಜಿ. 2006ರ ಸೆಪ್ಟೆಂಬರ್ 29. ಭೋತ್ಮಾಂಗೆ ಕುಟುಂಬದ ತಾಯಿ ಮತ್ತು ಮೂವರು ಮಕ್ಕಳನ್ನು ಊರಿನವರು ಕೊಂದರು. ಜನ ಬೀದಿಗಿಳಿದ ಮೇಲೆ ಸಿಬಿಐ ಬಂತು. 2008ರಲ್ಲಿ ಎಂಟು ಜನರಿಗೆ ಶಿಕ್ಷೆ ಆಯಿತು, ಆರು ಜನರಿಗೆ ಗಲ್ಲು. ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸೋದಿಲ್ಲ ಅಂದುಬಿಟ್ಟಿತು ಕೋರ್ಟು. ಅಂದರೆ ಕೊಲೆ ನಿಜ, ಜಾತಿ ಸುಳ್ಳು! 2010ರಲ್ಲಿ ಹೈಕೋರ್ಟು ಗಲ್ಲನ್ನು 25 ವರ್ಷದ ಜೈಲು ಮಾಡಿತು.

ಉತ್ತರ ಪ್ರದೇಶದ ಹಾಥರಸ್. 2020ರ ಸೆಪ್ಟೆಂಬರ್. ಸತ್ತ ಹುಡುಗಿಯ ಹೆಣವನ್ನು ಮನೆಯವರನ್ನು ದೂರವಿಟ್ಟು ಪೊಲೀಸರೇ ನಡುರಾತ್ರಿ ಸುಟ್ಟರು. ಸಿಬಿಐ ಬಂತು, ನಾಲ್ವರ ಮೇಲೆ ಅತ್ಯಾಚಾರ, ಕೊಲೆಯ ಆರೋಪಪಟ್ಟಿ ಹಾಕಿತು. 2023ರ ಮಾರ್ಚಿನಲ್ಲಿ ಕೋರ್ಟು ಮೂವರನ್ನು ಬಿಟ್ಟಿತು. ಒಬ್ಬನಿಗೆ ಮಾತ್ರ ಶಿಕ್ಷೆ, ಅದೂ ಕೊಲೆಗಲ್ಲ, ಅತ್ಯಾಚಾರಕ್ಕೂ ಅಲ್ಲ. ಮೊದಲ ದಿನಗಳಲ್ಲಿ ಕಳೆದುಹೋದದ್ದನ್ನು ದಿಲ್ಲಿಯಿಂದ ಬಂದವರು ಹುಡುಕಿ ಕೊಡೋದು ಬಹಳ ಕಷ್ಟ. ಬೂದಿ ಸಾಕ್ಷಿ ಹೇಳುತ್ತದೆಯೇ?

ದೂರದ ಮಾತು ಬಿಡಿ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳು. ದೇವಸ್ಥಾನದೊಳಕ್ಕೆ ಕಾಲಿಟ್ಟದ್ದರ ದ್ವೇಷ ಬೆಳೆದು 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಕೋಲಾರದ ಕಡೆ ಕಂಬಾಲಪಲ್ಲಿ, 2000ದ ಮಾರ್ಚ್ 11. ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಕೊಂಡರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಬೆಂಕಿ ತಾನೇ ನಡೆದುಕೊಂಡು ಬಂತೇ?

ಇನ್ನೊಂದನ್ನೂ ಹೇಳಬೇಕು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಕೋರ್ಟು 101 ಜನರಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಜನಕ್ಕೆ ಜೀವಾವಧಿ. ಆಮೇಲೆ ಹೈಕೋರ್ಟು ಹೆಚ್ಚಿನವರಿಗೆ ಜಾಮೀನು ಕೊಟ್ಟಿತು, ಅದು ಬೇರೆ ಮಾತು. ಇಲ್ಲಿ ಯಾವ ಸಿಬಿಐಯೂ ಬರಲಿಲ್ಲ. ಇಲ್ಲಿನ ಪೊಲೀಸರೇ ಬರೆದ ಕಾಗದ, ಹೆದರದೆ ನಿಂತ ಸಾಕ್ಷಿಗಳು. ಅಷ್ಟರಿಂದಲೇ ಆಯಿತು.

ಅದಕ್ಕೇ ನಾವು ಹೇಳೋದು: ಮೇಲಿನ ಕುರ್ಚಿಗಿಂತ ಕೆಳಗಿನ ಪೆನ್ನು ದೊಡ್ಡದು.

ಆ ಪೆನ್ನು ಏನು ಬರೆಯಬೇಕು ಅಂತ ಕಾನೂನಿನಲ್ಲೇ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ. ದೂರು ಕೊಟ್ಟರೆ ಬರೆದುಕೊಳ್ಳಬೇಕು, ಓದಿ ಹೇಳಬೇಕು, ಆಮೇಲೇ ಸಹಿ. ಅದರ ಪ್ರತಿ ನಮ್ಮ ಕೈಗೆ ಪುಕ್ಕಟೆ ಕೊಡಬೇಕು. ಎಫ್ಐಆರ್‌ಗೆ ಮೊದಲು "ಪ್ರಾಥಮಿಕ ವಿಚಾರಣೆ ಮಾಡ್ತೀವಿ" ಅನ್ನುವ ಹಾಗಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಕಾಯ್ದೆಯನ್ನು ಸಡಿಲ ಮಾಡಿದಾಗ ಏಪ್ರಿಲ್ 2ರಂದು ದೇಶದ ದಲಿತರು ಬಂದ್ ಮಾಡಿದರು. ಅದೇ ವರ್ಷ ಸಂಸತ್ತು ಕಾಯ್ದೆಗೆ ಹೊಸ ಕಲಂ ಸೇರಿಸಿತು. ತನಿಖೆ ಮಾಡೋರು ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು. ಅರವತ್ತು ದಿನದೊಳಗೆ ತನಿಖೆ ಮುಗಿಸಿ ಆರೋಪಪಟ್ಟಿ ಹಾಕಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಬೇಕೆಂದೇ ಕರ್ತವ್ಯ ಬಿಟ್ಟ, ನಮ್ಮ ಜನಕ್ಕೆ ಸೇರದ ಅಧಿಕಾರಿಗೆ ನಾಲ್ಕನೇ ಕಲಂ ಪ್ರಕಾರ ಆರು ತಿಂಗಳಿಂದ ಒಂದು ವರ್ಷ ಜೈಲು.

ಇದೇ ಆ ಮೂರನೆಯದು. ದೊಡ್ಡಪ್ಪನಿಗೆ ಗೊತ್ತಿರದಿದ್ದ ಮೂರನೆಯದು. ಅವತ್ತು ನಮ್ಮಲ್ಲಿ ಒಬ್ಬನಿಗಾದರೂ ಇದು ಗೊತ್ತಿದ್ದರೆ ಆ ಹೆಬ್ಬೆಟ್ಟು ಬೇರೆ ಕಾಗದದ ಮೇಲೆ ಬೀಳುತ್ತಿತ್ತು.

ಈಗ ಪರೀಕ್ಷೆಗೆ ಓದುವವರಿಗೆ. ನಿಮ್ಮ ಸಂಕಟ ನಮಗೆ ಗೊತ್ತು. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಉತ್ತರ ಪತ್ರಿಕೆ ತಿದ್ದಿದ ಹಗರಣ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ನೇಮಕಾತಿ ನೋಡಿಕೊಳ್ಳುತ್ತಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಆಗ ಇಲಾಖೆಯ ತುದಿಯಲ್ಲಿದ್ದವರು ಇದೇ ಸೂದ್ ಅವರು. ಅವರ ಮೇಲೆ ಆ ಪ್ರಕರಣದಲ್ಲಿ ಆರೋಪ ಇಲ್ಲ, ಅದನ್ನ ಸ್ಪಷ್ಟವಾಗಿ ಹೇಳ್ತೀವಿ. ಆದರೆ ಇದನ್ನೂ ನೋಡಿ: ಮೇಲಿನ ಕುರ್ಚಿಯಲ್ಲಿ ಎಷ್ಟೇ ಓದಿದವರು ಕೂತಿದ್ದರೂ ಕೆಳಗೆ ನಮ್ಮ ಬಾಗಿಲು ಮಾರಾಟಕ್ಕಿತ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅಷ್ಟರಲ್ಲಿ ಎಷ್ಟು ಹುಡುಗರ ವಯಸ್ಸು ಕರಗಿತು, ಎಷ್ಟು ಮನೆಯ ಮೇಕೆ, ಓಲೆ ಕೋಚಿಂಗಿಗೆ ಹೋದವು, ನೀವೇ ಬಲ್ಲಿರಿ.

ಹಾಗಂತ ಓದೋದು ಬಿಡಬೇಡಿ. "ಖಾಕಿ ಹಾಕಿದರೆ ಚಳವಳಿ ಬಿಟ್ಟ ಹಾಗೆ" ಅನ್ನುವ ಗೆಳೆಯರಿಗೆ ನಾವು ಕೇಳ್ತೀವಿ: ಆ ಜಗಲಿಯಲ್ಲಿ ಕೂತ ನಮ್ಮವ್ವನ ಮುಂದೆ ಪೆನ್ನು ಹಿಡಿದವನು ಯಾರಾಗಿರಬೇಕು? ಆದರೆ ಹಾಕಿದವರಿಗೂ ಒಂದು ಮಾತು. ಖಾಕಿ ಹಾಕಿದ ಕೂಡಲೆ ಕೇರಿಯ ದಾರಿ ಮರೆಯುವವರನ್ನೂ ನಾವು ಕಂಡಿದ್ದೇವೆ. ಜಾತಿ ಕೇಳಿದರೆ ಮಾತು ತಿರುಗಿಸಿ, "ರಾಜಿ ಮಾಡ್ಕಳ್ರಿ" ಅಂತ ಅದೇ ಹಳೆಯ ಕಾಗದ ಮುಂದಿಟ್ಟವರನ್ನೂ ಕಂಡಿದ್ದೇವೆ. ನಮ್ಮವನು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಪೆನ್ನು ನಮ್ಮದಾಗಲ್ಲ.

ಈ ಊರಿಗೆ ಒಂದು ನೆನಪಿದೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಾಡಿದರು. ಆಮೇಲೆ ಏಟು ಬಿದ್ದದ್ದು ಹಾಸ್ಟೆಲಿನ ಹುಡುಗರ ಮೇಲೆ. ಅವರು ಊರಿಗೆ ಓಡಿಹೋಗಲಿಲ್ಲ, ಸಂಘ ಕಟ್ಟಿದರು. ಇದೇ ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿಯೂ ಇದೆ. ಪಿಎಸ್ಐಗಳು ಅಲ್ಲೇ ತಯಾರಾಗಿ ಪಥಸಂಚಲನ ಮಾಡಿ ಹೊರಗೆ ಬರ್ತಾರೆ. ಹಾಸ್ಟೆಲಿಗೂ ಅಕಾಡೆಮಿಗೂ ಸಿಟಿ ಬಸ್ಸಿನ ದೂರ. ಆ ದೂರವನ್ನು ದಾಟಿದವರು ಹಾಸ್ಟೆಲನ್ನು ಜೇಬಿನಲ್ಲಿಟ್ಟುಕೊಂಡು ದಾಟಬೇಕು.

ಕೊನೆಗೆ ಒಂದು ಕೆಲಸ. ಇವತ್ತೇ ಕೋಣೆಗೊಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ: ಈಗ ಹೇಳಿದ ಕಲಂಗಳು, ನಿಮ್ಮ ತಾಲ್ಲೂಕಿನ ಡಿವೈಎಸ್‌ಪಿ ಕಚೇರಿ, ಎಸ್‌ಪಿ ಕಚೇರಿ. ರಜಕ್ಕೆ ಊರಿಗೆ ಹೋದಾಗ ಅದರ ಒಂದು ಪ್ರತಿ ಕೇರಿಯಲ್ಲಿ ಓದಿ ಹೇಳಿ. ಯಾರಿಗಾದರೂ ಏಟು ಬಿದ್ದರೆ ಅವರ ಜೊತೆ ಇಬ್ಬರು ಠಾಣೆಗೆ ಹೋಗಿ. ಜಗಲಿಯಲ್ಲಿ ಕೂರಬೇಡಿ, ಮೇಜಿನ ಮುಂದೆ ನಿಲ್ಲಿ.

ಮುಂದೆ ನಿಮ್ಮಲ್ಲಿ ಯಾರಾದರೂ ಆ ಮೇಜಿನ ಆಚೆ ಕೂತಿರ್ತೀರಿ. ತಲೆ ಒಡೆದ ಒಬ್ಬ ದೊಡ್ಡಪ್ಪ ಬರ್ತಾನೆ. ಅವನನ್ನು ಕೂರಿಸಿ, ನೀರು ಕೊಡಿ, ನಡೆದದ್ದನ್ನ ನಡೆದ ಹಾಗೆ ಬರೆಯಿರಿ.

ಜೈ ಭೀಮ್.