ಓಲೆಗರಿಯ ಕಲೆಗೆ ಗಣಕಯಂತ್ರದ ಆಸರೆ





ಜಿನಬಿಂಬ ಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ ಜಿನವಾಣಿಯನ್ನು ಹೊತ್ತು ತಂದ ಓಲೆಗರಿಯನ್ನೂ ಅದನ್ನು ಸಿದ್ಧಪಡಿಸಿದ ಕೈಗಳನ್ನೂ ಸ್ಮರಿಸುವುದು ಉಚಿತವಾದುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದು ಸರ್ವವಿದಿತ. ಆ ಪುಣ್ಯಕಾರ್ಯದ ಹಿಂದೆ ಹೆಸರು ಉಳಿಯದ ಎಷ್ಟೋ ಲಿಪಿಕಾರರ ಶ್ರಮವಿದೆ.

ಓಲೆಯ ಕೆಲಸ ಸುಲಭದ್ದಲ್ಲ. ಎಳೆಯ ಗರಿಯನ್ನು ಕೊಯ್ದು, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರವಿಡಬೇಕು. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು ಮಸಿ ಸವರಿ ಒರೆಸಿದರೆ, ಗೀರಿನಲ್ಲಿ ಮಾತ್ರ ಮಸಿ ನಿಲ್ಲುತ್ತದೆ. ಒತ್ತು ಹೆಚ್ಚಾದರೆ ಗರಿ ಸೀಳುವುದು; ಕಡಿಮೆಯಾದರೆ ಅಕ್ಷರ ಮೂಡದು. ಈ ಹದವನ್ನು ಬಲ್ಲವರು ಇಂದು ವಿರಳ.

ಪ್ರತಿಮಾಡುವ ಕಾರ್ಯ ನಿಂತರೆ ಏನಾಗುವುದೆಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳೇ ನಿದರ್ಶನ. ಧವಲಾದಿ ಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಅಲ್ಲಿ ಮಾತ್ರ ಉಳಿದಿದ್ದವು. ಅವುಗಳ ಪ್ರತಿಗಳು ಹೊರಬಂದ ಬಳಿಕ 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯು 16 ಸಂಪುಟಗಳಲ್ಲಿ ಮುದ್ರಣವಾಯಿತು. ಆ ಕಟ್ಟುಗಳು ಗೆದ್ದಲಿಗೆ ಆಹಾರವಾಗಿದ್ದರೆ ಗತಿ ಏನಾಗುತ್ತಿತ್ತು?

ಇಂದು ಭಾಗ್ಯವಶಾತ್ ಡಿಜಿಟಲ್ ಸಾಧನಗಳು ಒದಗಿವೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಓಲೆಗಳ ಛಾಯಾಗ್ರಹಣಕ್ಕೆ ದಾರಿ ತೋರಿತು. ಕಣ್ಣಿಗೆ ಕಾಣದಷ್ಟು ಮಾಸಿದ ಮಸಿಯ ಅಕ್ಷರಗಳೂ ಅವಕೆಂಪು ಬೆಳಕಿನ ಚಿತ್ರದಲ್ಲಿ ಎಷ್ಟೋ ವೇಳೆ ಸ್ಪಷ್ಟವಾಗುತ್ತವೆ. ಮೂಲ ಓಲೆಯನ್ನು ಮುಟ್ಟದೆಯೇ ದೂರದ ಮುಂಬಯಿಯಲ್ಲಿರುವ ತರುಣನೂ ಹಳಗನ್ನಡ ಲಿಪಿಯನ್ನು ಓದಲು ಕಲಿಯಬಹುದು.

ಆದರೆ ಛಾಯಾಚಿತ್ರದಲ್ಲಿ ಉಳಿಯುವುದು ಅಕ್ಷರ. ಕೈಯ ಹದ ಉಳಿಯದು. ಆದ್ದರಿಂದ ಬಲ್ಲ ಹಿರಿಯರು ಗರಿ ಸಿದ್ಧಪಡಿಸುವುದನ್ನೂ, ಕಂಟ ಹಿಡಿಯುವುದನ್ನೂ ಆರಂಭದಿಂದ ಕೊನೆಯವರೆಗೆ ಚಲಚ್ಚಿತ್ರವಾಗಿ ಸೆರೆಹಿಡಿಯಬೇಕು. ಉಪಕರಣಗಳ ಹೆಸರುಗಳನ್ನು ಅವರ ಬಾಯಿಂದಲೇ ಹೇಳಿಸಬೇಕು. ಜೊತೆಗೆ ಒಬ್ಬಿಬ್ಬರು ಶಿಷ್ಯರನ್ನು ಅವರ ಬಳಿ ಕೂರಿಸಬೇಕು. ಚಿತ್ರವನ್ನು ನೂರು ಬಾರಿ ನೋಡಿದರೂ, ತಪ್ಪಿದ ಕೈಯನ್ನು ತಿದ್ದುವವನು ಗುರುವೇ.

ಗಣಕಯಂತ್ರದ ದಾಖಲೆಯೂ ಶಾಶ್ವತವಲ್ಲ. ನಿನ್ನೆಯ ಫ್ಲಾಪಿಯನ್ನು ಇಂದಿನ ಯಂತ್ರ ಓದದು. ಪೂರ್ವಿಕರು ಜೀರ್ಣ ಓಲೆಯಿಂದ ಹೊಸ ಓಲೆಗೆ ಪ್ರತಿಮಾಡಿದಂತೆ, ಈ ದಾಖಲೆಗಳನ್ನೂ ಕಾಲಕಾಲಕ್ಕೆ ಹೊಸ ಸಾಧನಕ್ಕೆ ವರ್ಗಾಯಿಸಿ, ಎರಡು ಊರುಗಳಲ್ಲಿ ಇರಿಸಬೇಕು. ವರ್ತಕನು ಖಾತೆ ಬರೆಯುವಂತೆ ಯಾವ ಕಟ್ಟು, ಎಷ್ಟು ಗರಿ, ಯಾರ ವಶದಲ್ಲಿದೆ ಎಂಬ ಪಟ್ಟಿಯೂ ಅಗತ್ಯ.

ಶಿಖರಕ್ಕೆ ಕಲಶ ನೀಡುವ ದಾನಿಗಳು ಒಬ್ಬ ಶಿಷ್ಯನ ಕಲಿಕೆಯ ವೆಚ್ಚವನ್ನೂ ವಹಿಸಿಕೊಂಡರೆ ಅದು ಈ ಕಾಲದ ಶಾಸ್ತ್ರದಾನವೆನಿಸುವುದು. ಸರ್ವರಿಗೂ ಮಂಗಳವಾಗಲಿ.

ಜಯ ಜಿನೇಂದ್ರ.