ಜೋಳದ ರೊಟ್ಟಿಯೂ ನಿದ್ದೆಯ ಡಬ್ಬಿಯೂ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕೂಲಿಕಾರರ ಸಭೆಗಳಲ್ಲಿ ನಮಗೊಂದು ಪ್ರಶ್ನೆ ಬರುತ್ತದೆ. "ರಾತ್ರಿ ನಿದ್ದಿ ಹತ್ತವಲ್ದು, ಎದಿ ಡವಡವ ಅಂತದ. ಅಮೈನೋ ಆಮ್ಲದ ಡಬ್ಬಿ ತಗೊಂಡ್ರ ಕಡಿಮಿ ಆಗ್ತದಂತ, ಖರೇ ಏನ್ರಿ?"

ಬೇಳೆ, ಹಾಲು, ಮೊಟ್ಟೆ, ಮಾಂಸ ಹೊಟ್ಟೆಯಲ್ಲಿ ಕರಗಿದಾಗ ಅಮೈನೋ ಆಮ್ಲಗಳು ದೊರೆಯುತ್ತವೆ. ಅವುಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬುದು ಒಂದು. ನಿದ್ದೆಗೆ, ಮನಸ್ಸಿನ ನೆಮ್ಮದಿಗೆ ಬೇಕಾದ ರಸಗಳನ್ನು ದೇಹವು ಇದರಿಂದಲೇ ಮಾಡಿಕೊಳ್ಳುತ್ತದೆ. ನಯಾಸಿನ್ ಎಂಬ ಜೀವಸತ್ವವನ್ನೂ ಸ್ವಲ್ಪ ಮಾಡಿಕೊಳ್ಳುತ್ತದೆ. ಆದ್ದರಿಂದ ಕೇಳಿದವರು ಮೂಢರಲ್ಲ.

ಈ ಮಾತು ನಮ್ಮ ಜೋಳದ ನಾಡಿಗೆ ಹೊಸದೂ ಅಲ್ಲ. ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರಾ ಎಂಬ ರೋಗ ಬರುತ್ತಿತ್ತು. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ನಿದ್ದೆಗೇಡು, ಕಾರಣವಿಲ್ಲದ ಅಂಜಿಕೆ. ಮಾನಸಿಕ ಆಸ್ಪತ್ರೆ ಸೇರಿದವರೂ ಇದ್ದರು. ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ ಇದಕ್ಕೊಂದು ಕಾರಣ ಹೇಳಿದರು: ಜೋಳದಲ್ಲಿ ಲ್ಯೂಸಿನ್ ಎಂಬ ಮತ್ತೊಂದು ಅಮೈನೋ ಆಮ್ಲ ಹೆಚ್ಚಿದ್ದು, ಅದು ನಯಾಸಿನ್ ತಯಾರಾಗುವುದಕ್ಕೆ ಅಡ್ಡ ಬರುತ್ತದೆ. ಈ ವಿವರಣೆಯ ಮೇಲೆ ಮುಂದೆ ವಿಜ್ಞಾನಿಗಳಲ್ಲಿ ವಾದ ನಡೆಯಿತು. ಆದರೆ ನಯಾಸಿನ್ ಗುಳಿಗೆಯಿಂದ ರೋಗಿಗಳು ಗುಣವಾಗುವುದರಲ್ಲಿ ವಾದವಿಲ್ಲ.

ಹಾಗೆಂದು ಜೋಳವನ್ನು ಬೈಯಬೇಡಿ. ಬರೀ ರೊಟ್ಟಿ ಖಾರದಲ್ಲಿ ದಿನ ನೂಕುವಷ್ಟೇ ಕೂಲಿ ಕೊಟ್ಟವರನ್ನು ಕೇಳಬೇಕು. ರೊಟ್ಟಿಯ ಜೊತೆ ತೊಗರಿಬ್ಯಾಳಿ, ಶೇಂಗಾ ಹಿಂಡಿ, ಒಂದಿಷ್ಟು ಹಾಲು ಇದ್ದ ಮನೆಗೆ ಈ ರೋಗ ಸುಲಭವಾಗಿ ಬಾರದು. ಶೇಂಗಾದಲ್ಲಿ ನಯಾಸಿನ್ ಬೇಕಾದಷ್ಟಿದೆ.

ಇನ್ನು ಡಬ್ಬಿಯ ವಿಷಯ. 1989ರಲ್ಲಿ ಅಮೆರಿಕದಲ್ಲಿ ನಿದ್ದೆಗೆಂದು ಟ್ರಿಪ್ಟೊಫ್ಯಾನ್ ಗುಳಿಗೆ ನುಂಗಿದ 1,500ಕ್ಕೂ ಹೆಚ್ಚು ಜನ ವಿಪರೀತ ಮೈನೋವಿನ ಕಾಯಿಲೆಗೆ ಬಿದ್ದರು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನ ಗುಳಿಗೆಗಳ ಮೂಲ ಜಪಾನಿನ ಒಂದೇ ಕಂಪನಿ. ತಯಾರಿಕೆಯಲ್ಲಿ ಸೇರಿದ ಕಲ್ಮಶದ ಮೇಲೆ ಸಂಶಯ ಬಂತು. ಈಗಲೂ, ಮನಸ್ಸಿನ ಖಿನ್ನತೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಸೇರಿಸಿದರೆ ಅಪಾಯವಿದೆ.

ಎಲ್ಲ ನಿದ್ದೆಗೇಡೂ ಊಟದಿಂದ ಬಂದದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದ ಮೇಲೆ ಕಲ್ಲಿನ ಮನೆಯೊಳಗೆ ಮಲಗಲು ಜನ ಅಂಜಿದರು. ಮುಕಾದಮನ ಉಚಲು ತೀರಿಲ್ಲದವನಿಗೂ ನಿದ್ದೆ ಬಾರದು. ಅದಕ್ಕೆ ಡಬ್ಬಿಯಲ್ಲಿ ಏನಿದೆ?

ಪೆಲ್ಲಾಗ್ರಾ ಈಗ ಅಪರೂಪ. ಆದರೆ ದಿನವೂ ಸಾರಾಯಿ ಕುಡಿದು ಊಟ ಬಿಟ್ಟವರಲ್ಲಿ, ಕ್ಷಯಕ್ಕೆ ಐಸೋನಿಯಜಿಡ್ ಗುಳಿಗೆ ನುಂಗುವವರಲ್ಲಿ ಇಂದಿಗೂ ಕಾಣುತ್ತದೆ. ಕ್ಷಯದ ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಸರಕಾರಿ ದವಾಖಾನೆಗೆ ಹೋದಾಗ ನಿದ್ದೆಯ ಮಾತಷ್ಟೇ ಹೇಳಿ ಬರಬೇಡಿ. ಕೈ, ಕುತ್ತಿಗೆ ತೋರಿಸಿ, ಏನು ಉಣ್ಣುತ್ತೀರಿ, ಎಷ್ಟು ಕುಡಿಯುತ್ತೀರಿ ಎಂಬುದನ್ನೂ ನಾಚದೆ ಹೇಳಿರಿ.